ಎರವಲು ಹೊಂಡ

ಗುಂಡಗಲ್ಲಹಳ್ಳಿಯಲ್ಲಿ ಯಾರ ಮನೆಯ ಗೃಹಪ್ರವೇಶವಾದರೂ ಮೊದಲು ಹೊಸ್ತಿಲು ದಾಟುವುದು ಗಂಗಾಧರಯ್ಯನ ಹಸು. ಊರಿನಲ್ಲಿ ಬೇರೆ ಹಸುಗಳಿಲ್ಲವೆಂದಲ್ಲ. ಡೈರಿಗೆ ಹಾಲು ಹಾಕುವ ಸೀಮೆಹಸುಗಳು ಬೇಕಾದಷ್ಟಿವೆ. ಆದರೆ ಗೃಹಪ್ರವೇಶಕ್ಕೆ ನಾಟಿಹಸುವೇ ಆಗಬೇಕು, ಬೆನ್ನಿಗೆ ಕರು ಇರಬೇಕು, ಓಲಗದ ಸದ್ದಿಗೆ ಬೆದರಬಾರದು, ಹೊಸ ಟೈಲ್ಸಿನ ಮೇಲೆ ಜಾರಬಾರದು. ಗೌರಿ ಎಂಬ ಆ ಹಸುವಿಗೆ ಈ ಗುಣಗಳೆಲ್ಲ ಇದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಕೇಳಿದವರಿಗೆ ಇಲ್ಲವೆನ್ನಲಾರದ ಒಡೆಯನಿದ್ದ.

ಹಸುವೊಂದೇ ಅಲ್ಲ. ಗಂಗಾಧರಯ್ಯನ ಏಣಿ ಯಾವತ್ತು ಊರಿನ ಯಾವ ಗೋಡೆಗೆ ಒರಗಿರುತ್ತದೆಂದು ಅವನಿಗೇ ತಿಳಿಯದು. ತನಗೆ ಬೇಕಾದಾಗ ಹುಡುಕಿಕೊಂಡು ಹೋಗಿ, ಯಾರ ಅಂಗಳದಲ್ಲಿದೆಯೋ ಅವರನ್ನೇ ಕೇಳಿ ತಂದು, ಕೆಲಸವಾದ ಮೇಲೆ ಜೋಪಾನವಾಗಿ ಅವರಿಗೇ ಹಿಂದಿರುಗಿಸಿ ಬರುತ್ತಾನೆ. ಇದನ್ನು ನೋಡಿ ಅವನ ಹೆಂಡತಿ ಲಕ್ಷ್ಮೀದೇವಿ ತಲೆ ಚಚ್ಚಿಕೊಳ್ಳುವುದನ್ನು ಎಂದೋ ಬಿಟ್ಟಿದ್ದಳು.

ಇಂಥವನು ಮನೆಯ ಹಿತ್ತಲಿಗೆ ಹತ್ತಿರದ ಹೊಲದಲ್ಲಿ ಕೃಷಿ ಹೊಂಡ ತೋಡಿಸಿದ.

ಮಳೆ ನೀರನ್ನು ಹರಿದುಹೋಗಲು ಬಿಡದೆ ಹೊಲದಲ್ಲೇ ನಿಲ್ಲಿಸಿಕೊಂಡವರಿಗೆ ಸರ್ಕಾರ ಸಹಾಯಧನ ಕೊಡುತ್ತದೆ. ಮೊದಲು ಹೊಂಡ ತೋಡಬೇಕು, ಆಮೇಲೆ ಅಧಿಕಾರಿ ಬಂದು ನೋಡಬೇಕು, ನೋಡಿ ಹೌದೆಂದ ಮೇಲೆ ಹೊಂಡದ ತಳಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆ ಬರುತ್ತದೆ. ಗಂಗಾಧರಯ್ಯನಿಗೆ ಬೇಕಾಗಿದ್ದದ್ದು ಆ ಹಾಳೆ. ಮಿಡಿಗೇಶಿ ಸುತ್ತಿನ ಗರಸು ಮಣ್ಣಿನಲ್ಲಿ ಹಾಳೆಯಿಲ್ಲದ ಹೊಂಡ ಎಂದರೆ ತೂತಿನ ಕೊಡ. ಮಳೆ ಬಂದ ವಾರದೊಳಗೆ ನೀರೆಲ್ಲ ಭೂಮಿತಾಯಿಯ ಹೊಟ್ಟೆ ಸೇರುತ್ತಿತ್ತು. ಹೊಂಡದ ಏರಿಯ ಆಚೆಗೆ ಲಕ್ಷ್ಮೀದೇವಿಯ ಕನಕಾಂಬರದ ತೋಟವಿತ್ತು. ಚಿಕ್ಕ ತೋಟ, ಆದರೆ ಅವಳು ಒಂದೊಂದು ಗಿಡವನ್ನೂ ಮಗಳಂತೆ ಸಾಕಿದ್ದಳು. ಬೇಸಿಗೆಯಲ್ಲಿ ಅದಕ್ಕೆ ಅವಳೇ ಕೊಡದಲ್ಲಿ ನೀರು ಹೊತ್ತು ಹಾಕುತ್ತಿದ್ದಳು. ಹಾಳೆ ಬಂದರೆ ಹೊಂಡದಲ್ಲಿ ನೀರು ನಿಲ್ಲುತ್ತದೆ, ನೀರು ನಿಂತರೆ ಹೂವು ಉಳಿಯುತ್ತದೆ, ಅವಳ ಸೊಂಟವೂ ಉಳಿಯುತ್ತದೆ. ಲೆಕ್ಕ ಇಷ್ಟು ಸರಳವಾಗಿತ್ತು.

ಅದನ್ನು ಕೆಡಿಸಿದವನು ಪಂಚಾಯಿತಿ ಮೆಂಬರ್ ಪ್ರಸನ್ನ ಕುಮಾರ್. ಊರಿನವರ ಅರ್ಜಿಗಳೆಲ್ಲ ಅವನ ಬೈಕಿನ ಮೇಲೆಯೇ ಮಧುಗಿರಿಗೆ ಹೋಗುತ್ತಿದ್ದವು. ತೋಡಿದವರಿಗೆ ಸಹಾಯಧನ ಬರುವುದಾದರೆ ತೋಡಿದಂತೆ ಫೋಟೋ ಇರುವವರಿಗೂ ಬರಬೇಕಲ್ಲ ಎಂಬುದು ಅವನ ಆಲೋಚನೆ. ಒಂದು ದಿನ ಬಂದು, "ಗಂಗಣ್ಣ, ನಿನ್ ಹೊಂಡದ ಮುಂದೆ ನಿಂತ್ಕಂಡು ಒಂದ್ ಫೋಟೋ ತಕ್ಕೊಂತೀನಿ, ಅಷ್ಟೇಯ" ಎಂದ. ಅವನ ಹಿಂದೆ ಅಂಗಡಿ ಪರ್ವತಯ್ಯ ಬಂದ. ಅವನ ಹಿಂದೆ ಮೇಕೆ ಕೆಂಚಮ್ಮ ಬಂದಳು. ಗೃಹಪ್ರವೇಶಕ್ಕೆ ಹಸು ಕೊಟ್ಟವನು ಫೋಟೋಗೆ ಹೊಂಡ ಕೊಡುವುದಿಲ್ಲ ಎನ್ನಲಾದೀತೇ? ಹಸು ಒಳಗೆ ಹೋಗಿ ಬಂದ ಮಾತ್ರಕ್ಕೆ ಮನೆ ಹಸುವಿನದಾಗುವುದಿಲ್ಲ, ಹಸು ಮನೆಯವರದಾಗುವುದೂ ಇಲ್ಲ. ಇದೂ ಹಾಗೆಯೇ ಎಂದುಕೊಂಡು ಗಂಗಾಧರಯ್ಯ ಎಲ್ಲರಿಗೂ ಆಗಲಿ ಎಂದ. ಅವರವರು ತಮ್ಮ ತಮ್ಮ ಹೆಸರಿನ ಬೋರ್ಡು ತಂದು ನೆಟ್ಟು, ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ನಿಂತು, ಫೋಟೋ ತೆಗೆಸಿಕೊಂಡು, ಬೋರ್ಡು ಕಿತ್ತುಕೊಂಡು ಹೋದರು.

ಇದೆಲ್ಲ ಗಂಗಾಧರಯ್ಯನಿಗೆ ಮರೆತೇ ಹೋಗಿತ್ತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ, ಮೇಡಂ ಇವತ್ತು ಹೊಂಡ ನೋಡಲು ಬರುತ್ತಾರೆಂದು ಫೋನು ಬಂದಾಗ ಅವನ ಸಂತೋಷಕ್ಕೆ ಎಲ್ಲೆಯಿರಲಿಲ್ಲ. ಮೊನ್ನೆಯಷ್ಟೇ ಮಳೆ ಹುಯ್ದು ಹೊಂಡದಲ್ಲಿ ನೀರೂ ಇತ್ತು. ಲಕ್ಷ್ಮೀದೇವಿ ಹೂವಿನ ಬುಟ್ಟಿ ಹೊತ್ತು ಮಧುಗಿರಿಯ ಬಸ್ಸಿಗೆ ಹೊರಟಿದ್ದಳು. ಹಬ್ಬದ ಹಿಂದಿನ ದಿನ ಕನಕಾಂಬರಕ್ಕೆ ಎಂದೂ ಇಲ್ಲದ ಬೆಲೆ. ಬಾಗಿಲಲ್ಲಿ ನಿಂತು ಅವಳು ಹೇಳಿದಳು.

"ಮೇಡಮ್ಮೋರು ಬಂದ್ರೆ ಹಾಳೆ ಕೇಳು. ಬ್ಯಾರೆ ಏನೂ ಮಾತಾಡಬ್ಯಾಡ. ನಾನ್ ಬರೋಗಂಟ ಯಾರ್ ಏನ್ ಕೇಳಿದ್ರೂ ಕೊಡಬ್ಯಾಡ."

"ಕೊಡಾಕೆ ಇನ್ನೇನೈತೆ ಬುಡು" ಎಂದ ಗಂಗಾಧರಯ್ಯ.

ಅವನು ಒಗೆದ ಪಂಚೆ ಉಟ್ಟು, ಗೌರಿಯನ್ನು ಹೊಡೆದುಕೊಂಡು ಹೊಂಡದ ಹತ್ತಿರ ಹೋದರೆ ಅಲ್ಲಿ ಆಗಲೇ ಸಭೆ ಸೇರಿತ್ತು. ಪರ್ವತಯ್ಯ ಹೆಗಲ ಮೇಲಿನ ಟವೆಲಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ. ಕೆಂಚಮ್ಮ ಮೇಕೆಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಳು. ಪ್ರಸನ್ನ ಕುಮಾರ್ ಬೈಕಿಗೆ ಒರಗಿ ನಿಂತಿದ್ದ.

"ಗಂಗಣ್ಣ, ಮೇಡಂ ಬರೀ ನಿನ್ ಹೊಂಡ ನೋಡಾಕೆ ಬತ್ತಾಯಿಲ್ಲ" ಎಂದ ಪ್ರಸನ್ನ. "ಊರಿನ ನಾಕೂ ಹೊಂಡ ನೋಡ್ತಾರಂತೆ."

"ನಾಕು ಎಲ್ಲವೆ?"

"ಅದೇ ಈಗ ಆಗಿರೋದು."

ಗಂಗಾಧರಯ್ಯ ಒಬ್ಬೊಬ್ಬರ ಮುಖವನ್ನೂ ನೋಡಿದ. ಮೂರೂ ಜನ ಹೊಂಡದ ಕಡೆ ನೋಡುತ್ತಿದ್ದರು. ಪ್ರಸನ್ನ ಒಂದು ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಗೀಚಿದ. ನಡುವೆ ಹೊಂಡ. ಅದಕ್ಕೆ ರಸ್ತೆ ಕಡೆಯಿಂದ ಒಂದು ದಾರಿ, ಕೆರೆ ಅಂಗಳದ ಕಡೆಯಿಂದ ಒಂದು, ಬೆಟ್ಟದ ಹಿಂದಿನಿಂದ ಇನ್ನೊಂದು.

"ನಾನು ಬೈಕಲ್ಲಿ ಮುಂದೆ ಓಯ್ತಿರ್ತೀನಿ, ಮೇಡಂ ಗಾಡಿ ನನ್ ಹಿಂದೆ. ಒಂದೊಂದು ಸಲ ಒಂದೊಂದು ದಾರೀಲಿ ಕರ್ಕೊಂಡು ಬತ್ತೀನಿ. ನೀವು ಅಷ್ಟೊತ್ಗೆ ಇಲ್ಲಿ ಬೋರ್ಡು ಬದ್ಲಾಯಿಸ್ಬೇಕು, ಅಷ್ಟೇಯ."

"ಅಲ್ಲಪ್ಪಾ, ನಂದು?" ಎಂದ ಗಂಗಾಧರಯ್ಯ.

"ನಿಂದು ಕೊನೇಗೆ. ನಿಂದೇ ಅಲ್ವಾ ಹೊಂಡ, ನಿಂಗೇನ್ ಅರ್ಜೆಂಟು?"

ಗಂಗಾಧರಯ್ಯ ನೆಲದ ಮೇಲಿನ ಗೀಟುಗಳನ್ನೇ ನೋಡಿದ. ಮಾತು ನ್ಯಾಯವಾಗಿಯೇ ಇದ್ದಂತೆ ಕಂಡಿತು. ಅವನು ಯೋಚಿಸುವಷ್ಟರಲ್ಲಿ ಪರ್ವತಯ್ಯ ಗಂಗಾಧರಯ್ಯನ ಹೆಸರಿದ್ದ ಬೋರ್ಡನ್ನು ಕಿತ್ತು, ಏರಿಯಾಚೆ ಹೋಗಿ ಕನಕಾಂಬರದ ಗಿಡಗಳ ನಡುವೆ ಅವಿತಿಟ್ಟು ಬಂದ. ತನ್ನ ಬೋರ್ಡು ನೆಟ್ಟು ಇನ್ನೂ ಕೈ ಕೊಡವಿಕೊಂಡಿರಲಿಲ್ಲ, ಹುಣಸೆಮರದ ತಿರುವಿನಲ್ಲಿ ಇಲಾಖೆಯ ಪಿಕಪ್ ಗಾಡಿ ಕಾಣಿಸಿಕೊಂಡಿತು. ಹೇಳಿದ ಹೊತ್ತಿಗೆ ಮೊದಲೇ ಬರುವ ಅಧಿಕಾರಿಯನ್ನು ಆ ಊರು ಅದುವರೆಗೆ ಕಂಡಿರಲಿಲ್ಲ. ಪ್ರಸನ್ನ ಬೈಕು ಹತ್ತಿ ಎದುರುಗೊಳ್ಳಲು ಓಡಿದ. ಕೆಂಚಮ್ಮ ಮೇಕೆಗಳ ಸಮೇತ ಪೊದೆಯ ಹಿಂದಾದಳು. ಹಸುವಿನ ಹಗ್ಗ ಹಿಡಿದ ಗಂಗಾಧರಯ್ಯ ಮಾತ್ರ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಲ್ಲೇ ನಿಂತ.

ಭುವನಾ ಮೇಡಂ ಹೊಳವನಹಳ್ಳಿಯಿಂದ ವರ್ಗವಾಗಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ಕೆಲಸದಲ್ಲಿ ಶ್ರದ್ಧೆ, ಜನರ ಮೇಲೆ ನಂಬಿಕೆ, ದಾರಿಯ ಬಗ್ಗೆ ಪೂರ್ತಿ ಅಜ್ಞಾನ. ಮ್ಯಾಪು ನೋಡೋಣವೆಂದು ಫೋನನ್ನು ಆಕಾಶಕ್ಕೆ ಹಿಡಿದರು. ಬೆಟ್ಟದ ಮರೆಯ ಆ ಹೊಲದಲ್ಲಿ ಮ್ಯಾಪು ತೆರೆಯುವಷ್ಟು ನೆಟ್‌ವರ್ಕ್ ಎಂದೂ ಸಿಕ್ಕಿದ್ದಿಲ್ಲ.

ಗಾಡಿಯ ಹಿಂಭಾಗದಲ್ಲಿ ಕರಿ ಹಾಳೆಯ ದೊಡ್ಡ ಸುರುಳಿ ಕಟ್ಟಿತ್ತು. ಗಂಗಾಧರಯ್ಯನ ಕಣ್ಣು ಅದರ ಮೇಲೆ ನೆಟ್ಟಿತು.

"ಹಾಳೆ ಸದ್ಯಕ್ಕೆ ಒಂದೇ ಬಂದಿದೆ ಯಜಮಾನ್ರೇ" ಎಂದು ಮೇಡಂ ಪರ್ವತಯ್ಯನಿಗೆ ಹೇಳಿದರು. "ಗಂಗಾಧರಯ್ಯ ಅನ್ನೋರ ಅರ್ಜಿ ಎಲ್ಲಕ್ಕಿಂತ ಹಳೆಯದು, ಇದು ಅವರಿಗೆ. ನಿಮಗೆಲ್ಲ ಹೊಂಡದ ಸಹಾಯಧನ ಖಾತೆಗೆ ಬರುತ್ತೆ. ಇವರು ಯಾರು?"

ಗಂಗಾಧರಯ್ಯ ನಾನೇ ಎನ್ನಲು ಬಾಯಿ ತೆರೆದ.

"ನಮ್ಮ ಆಳು ಮೇಡಂ" ಎಂದುಬಿಟ್ಟ ಪರ್ವತಯ್ಯ. "ಲೇ, ಅಸೀನ ಆ ಕಡೆ ಕಟ್ಲಾ."

ಗಂಗಾಧರಯ್ಯ ತನ್ನ ಹಸುವನ್ನು ತನ್ನ ಹೊಲದಲ್ಲಿ ಇನ್ನೊಬ್ಬರ ಆಳಾಗಿ ಆ ಕಡೆ ಕಟ್ಟಿದ. ಗೌರಿ ಮಾತ್ರ ಪರ್ವತಯ್ಯನನ್ನು ಒಂದು ಥರ ನೋಡಿತು.

ಹೊಂಡಕ್ಕೆ ನೀರು ಇಳಿಯುವ ಬಾಯಲ್ಲಿ ಒಂದು ಚಪ್ಪಡಿ ಕಲ್ಲಿತ್ತು. ನೋಡಿ ಮುಗಿಸಿದ ಹೊಂಡವೆಂದು ಗುರುತಿಗೆ, ಗಾಡಿಯ ಡ್ರೈವರು ಕೆಂಪು ಬಣ್ಣದ ಡಬ್ಬಿ ತಂದು ಅದರ ಮೇಲೆ ದಪ್ಪಕ್ಷರದಲ್ಲಿ 'ಪರ್ವತಯ್ಯ' ಎಂದು ಬರೆದ. ಆಮೇಲೆ ಗಾಡಿ ಪ್ರಸನ್ನನ ಬೈಕಿನ ಹಿಂದೆ ರಸ್ತೆಗೆ ಹೋಯಿತು. ಕರಿ ಸುರುಳಿ ಹುಣಸೆಮರದ ತಿರುವಿನಲ್ಲಿ ಮರೆಯಾಗುವವರೆಗೂ ಗಂಗಾಧರಯ್ಯ ನೋಡುತ್ತಲೇ ಇದ್ದ.

"ಈ ಬಣ್ಣ ಒಂದು ಬತ್ತದೆ ಅಂತ ಮೆಂಬರ್ರು ಹೇಳ್ಲೇ ಇಲ್ವಲ್ಲ" ಎಂದು ಪರ್ವತಯ್ಯ ಗಾಬರಿಯಾದ. ಇಬ್ಬರೂ ಸೇರಿ ಕಲ್ಲನ್ನು ಮಗುಚಿ ಹಾಕಿದರು. ಅಂಗಡಿಯಲ್ಲಿ ಕೂತು ಕೂತು ಬೆಳೆದ ಪರ್ವತಯ್ಯನ ಹೊಟ್ಟೆ ಅಡ್ಡ ಬಂದದ್ದರಿಂದ ಭಾರವೆಲ್ಲ ಗಂಗಾಧರಯ್ಯನ ಮೇಲೇ ಬಿತ್ತು. ಕೆಂಚಮ್ಮ ತನ್ನ ಬೋರ್ಡು ನೆಟ್ಟು, ಏರಿಯ ಮೇಲಿನ ತಂಗಡಿ ಗಿಡಗಳಿಗೆ ಹಳೆಯ ಸೀರೆಗಳನ್ನು ಹರವಿ, ಮೇಕೆಗಳನ್ನು ನೀರಿಗೆ ಬಿಟ್ಟಳು. ಐದು ನಿಮಿಷದಲ್ಲಿ ಅಲ್ಲೊಂದು ಬೇರೆಯೇ ಸಂಸಾರ ಎದ್ದು ನಿಂತಿತು.

ಗಾಡಿ ಕೆರೆ ಅಂಗಳದಲ್ಲಿ ಕುಲುಕಾಡಿಕೊಂಡು ಬಂತು. ಮೇಡಂ ಇಳಿದು ಸುತ್ತ ನೋಡಿದರು.

"ಈ ಹೊಂಡವೂ ಥೇಟ್ ಅದೇ ಥರ ಇದೆಯಲ್ಲ?"

"ಒಂದೇ ಜೆಸಿಬಿ ಮೇಡಂ" ಎಂದ ಪ್ರಸನ್ನ. "ಅಳತೆ ನಿಮ್ಮ ಇಲಾಖೆದೇ. ಒಂದಿಂಚು ಆ ಕಡೆ ಈ ಕಡೆ ಆಗೋಕೆ ನಾವು ಬಿಟ್ಟಿಲ್ಲ."

ಮೇಡಂ ಮುಖದಲ್ಲಿ ಹೆಮ್ಮೆ ಅರಳಿತು. ಸರ್ಕಾರದ ಅಳತೆಯನ್ನು ಇಷ್ಟು ಶಿಸ್ತಾಗಿ ಪಾಲಿಸಿದ ಊರನ್ನು ಅವರು ನೋಡಿರಲಿಲ್ಲ. ಬೆಟ್ಟದ ಕಡೆ ತಿರುಗಿ, "ಬೆಟ್ಟ ಕೂಡ ಅದೇ" ಎಂದರು.

"ನಮ್ ಕಡೆ ಇರಾದೇ ಒಂದ್ ಬೆಟ್ಟ ಕಣಮ್ಮ" ಎಂದಳು ಕೆಂಚಮ್ಮ. ಅಷ್ಟಕ್ಕೆ ಬಿಡದೆ ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡಳು. "ಈ ಹೊಂಡ ತೋಡ್ಸಾಗ ನನ್ ಸೊಂಟ ಬಿದ್ದೋಯ್ತು ತಾಯಿ. ಗಂಡ ಇಲ್ದೋಳು. ಮಣ್ಣೆಲ್ಲ ಈ ಎಲ್ಡು ಕೈಯಾಗೆ ಹೊತ್ತು ಹಾಕಿವ್ನಿ."

ಅವಳು ಹೇಳಿದ ರೀತಿಗೆ ಗಂಗಾಧರಯ್ಯನ ಕರುಳು ಚುರ್ರೆಂದಿತು. ಪಾಪ, ಎಷ್ಟು ಕಷ್ಟಪಟ್ಟು ತೋಡಿಸಿದ್ದಾಳೆ ಎಂದುಕೊಂಡ. ಮಣ್ಣು ಹೊತ್ತದ್ದು ತಾನೂ ಲಕ್ಷ್ಮೀದೇವಿಯೂ ಎಂದು ನೆನಪಾಗಲು ಸ್ವಲ್ಪ ಹೊತ್ತೇ ಹಿಡಿಯಿತು.

"ಇವರು ಆ ಹೊಂಡದಲ್ಲೂ ಇದ್ದರಲ್ವಾ?" ಎಂದು ಮೇಡಂ ಅವನನ್ನು ತೋರಿಸಿದರು. "ನಮಗಿಂತ ಮುಂಚೆ ಇಲ್ಲಿಗೆ ಹೇಗೆ ಬಂದರು?"

"ಬದಿನ್ ಮ್ಯಾಗೆ ಅಡ್ಡದಾರೀಲಿ ಬಂದವ್ನೆ. ಎಲ್ಲಾರ್ ಹೊಲದಾಗೂ ಕೂಲಿ ಮಾಡ್ತಾನೆ ಕಣಮ್ಮ, ಪಾಪ" ಎಂದಳು ಕೆಂಚಮ್ಮ.

ಡ್ರೈವರು ಚಪ್ಪಡಿಯ ಮೇಲೆ 'ಕೆಂಚಮ್ಮ' ಎಂದು ಬರೆದ. ಗಾಡಿ ಹೊರಟಿತು. ಕರಿ ಸುರುಳಿ ಈ ಸಲ ಕೆರೆಯ ಕಡೆ ಮರೆಯಾಯಿತು.

ಈಗ ಕಲ್ಲಿನ ಎರಡು ಮಗ್ಗುಲೂ ತುಂಬಿಹೋಗಿದ್ದವು. ಮೂರನೆಯ ಮಗ್ಗುಲಿರುವ ಕಲ್ಲು ಎಲ್ಲೂ ಸಿಗಲಿಲ್ಲ. ಪ್ರಸನ್ನ ಬೆಟ್ಟದ ದಾರಿಯಿಂದ ಫೋನು ಮಾಡಿ, "ನಿಮ್ಮನೆ ಒಗೆಯೋ ಕಲ್ಲು ತಂದಾಕು ಗಂಗಣ್ಣ. ಆ ಚಪ್ಪಡಿ ಮ್ಯಾಲೆ ನೀನ್ ಕೂತ್ಕೊ. ಏನಾದ್ರೂ ಎದ್ದೇಳಬ್ಯಾಡ" ಎಂದ. ಬೆಟ್ಟದ ಹಿಂದೆ ಮಾತ್ರ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತಿತ್ತು. ಹೊಂಡದ ಬಳಿ ಗಂಗಾಧರಯ್ಯ ಏರಿ ಹತ್ತಿ ಕುತ್ತಿಗೆ ಸೊಟ್ಟ ಮಾಡಿ ಕೇಳಿಸಿಕೊಳ್ಳಬೇಕಾಯಿತು. ಲಕ್ಷ್ಮೀದೇವಿ ತವರಿನಿಂದ ತಂದಿದ್ದ ಒಗೆಯುವ ಕಲ್ಲನ್ನು ಹಿತ್ತಲಿನಿಂದ ಉರುಳಿಸಿಕೊಂಡು ಬರುವಷ್ಟರಲ್ಲಿ ಅವನ ಪ್ರಾಣ ಬಾಯಿಗೆ ಬಂದಿತ್ತು. ಯಾರಿಗೂ ಏನೂ ಕೊಡಬೇಡ ಎಂದಿದ್ದಳಲ್ಲ ಎಂಬುದು ಅರ್ಧ ದಾರಿಯಲ್ಲಿ ನೆನಪಾಯಿತು. ಕಲ್ಲು ಅಷ್ಟರಲ್ಲಿ ಇಳಿಜಾರಿಗೆ ಬಿದ್ದಿತ್ತು, ಅದನ್ನು ತಡೆಯುವುದು ಅವನ ಕೈಯಲ್ಲಿರಲಿಲ್ಲ.

ಮೂರನೆಯ ಸಲ ಗಾಡಿ ಬಂದಾಗ ಗಂಗಾಧರಯ್ಯ ಹಸಿ ಬಣ್ಣದ ಚಪ್ಪಡಿಯ ಮೇಲೆ ಪದ್ಮಾಸನ ಹಾಕಿ ಕೂತಿದ್ದ. ಪ್ರಸನ್ನ ಕುಮಾರ್ ತನ್ನ ಬೋರ್ಡಿನ ಪಕ್ಕ ನಿಂತು, ಹನಿ ನೀರಿನ ಬೆಲೆ ರೈತನಿಗೆ ಮಾತ್ರ ಗೊತ್ತು ಎಂದು ಶುರುಮಾಡಿ, ಮೇಡಂ ಫೋನಿನ ಬ್ಯಾಟರಿ ಮುಗಿಯುವವರೆಗೆ ವಿಡಿಯೋಗೆ ಮಾತಾಡಿದ. ಮೇಡಂ ಅವನನ್ನು ಮಾದರಿ ರೈತನೆಂದರು. ಆಮೇಲೆ ಏರಿ ಹತ್ತಿದವರ ಕಣ್ಣು ಚಪ್ಪಡಿಯ ಕಡೆ ತಿರುಗಿತು.

"ನೀವು ಇಲ್ಲೂ ಬಂದಿದ್ದೀರಾ? ಯಾಕೆ ಕೂತುಬಿಟ್ಟಿರಿ?"

"ಕಾಲು ನೋವು ಮೇಡಂ."

"ಪಾಪ, ಬೆಳಿಗ್ಗೆಯಿಂದ ಎಷ್ಟು ಹೊಲ ಸುತ್ತಿದ್ದೀರಿ. ನಿಮಗೆ ಅಂತ ಸ್ವಂತದ್ದು ಏನೂ ಇಲ್ವಾ?"

ಬೆಳಗಿನಿಂದ ಅವನನ್ನು ಯಾರೂ ಕೇಳದ ಪ್ರಶ್ನೆ ಅದು. ಗಂಗಾಧರಯ್ಯ ಕೂತಲ್ಲಿಂದಲೇ ಹಿಂದಕ್ಕೆ ತಿರುಗಿದ. ಏರಿಯಾಚೆ ಕೈ ತೋರಿಸಿದ.

"ಐತೆ ಮೇಡಂ. ಆ ಕನಕಾಂಬರದ ತೋಟ ನಮ್ದು. ನಮ್ಮನೇಳು ಬೆಳೆದಿರಾದು."

"ಎಷ್ಟು ಚೆನ್ನಾಗಿದೆ. ನೀರಿಗೆ ಏನು ಮಾಡ್ತೀರಿ?"

"ಬ್ಯಾಸಿಗೇಲಿ ನೀರೇ ಇಲ್ಲ ಮೇಡಂ. ಹೊತ್ತಾಕ್ತೀವಿ."

ಆ ದಿನ ಅಲ್ಲಿಯವರೆಗೆ ಆ ಹೊಲದಲ್ಲಿ ಯಾರಾದರೂ ಆಡಿದ ನಿಜ ಇಷ್ಟೇ. ಪ್ರಸನ್ನ ಕೆಮ್ಮಿ, ಮುಂದಿನ ಹೊಂಡಕ್ಕೆ ಹೊತ್ತಾಯಿತು ಎಂದು ಮೇಡಂ ಅನ್ನು ಗಾಡಿ ಹತ್ತಿಸಿದ. ಡ್ರೈವರು ಒಗೆಯುವ ಕಲ್ಲಿನ ಮೇಲೆ ಮೆಂಬರ್ ಹೆಸರು ಬರೆದು ಮುಗಿಸಿದ್ದ.

ಗಾಡಿ ಮರೆಯಾಗುತ್ತಲೇ ಪರ್ವತಯ್ಯ ಮೆಂಬರ್ ಬೋರ್ಡನ್ನು ಕಿತ್ತು ಪೊದೆಯ ಹಿಂದೆ ಎಸೆದು ಟವೆಲು ಕೊಡವಿಕೊಂಡ. "ಅಂಗ್ಡೀಲಿ ಹಬ್ಬದ ಯಾಪಾರ ಗಂಗಣ್ಣ, ಜನ ಕಾಯ್ತಿರ್ತಾರೆ" ಎಂದು ಹೊರಟ. ಕೆಂಚಮ್ಮ ಸೀರೆಗಳನ್ನು ಒಟ್ಟು ಮಾಡಿಕೊಂಡು ಮೇಕೆಗಳನ್ನು ಹೊಡೆದುಕೊಂಡು ಹೋದಳು. ಇನ್ನೀಗ ತನ್ನ ಸರದಿ, ತನ್ನ ಹೊಂಡ, ತನ್ನ ಹಾಳೆ ಎಂದು ಗಂಗಾಧರಯ್ಯ ಕೈ ಉಜ್ಜಿಕೊಂಡು ನೋಡಿದರೆ ಎದುರಿಗೆ ಎರಡು ಕಲ್ಲು, ಮೂರು ಹೆಸರು. ಅವುಗಳಲ್ಲಿ ತನ್ನದಿಲ್ಲ.

ಒಗೆಯುವ ಕಲ್ಲನ್ನು ನೂಕಿ ಹೊಂಡಕ್ಕೆ ಕೆಡವಿದ. ಅದು ದುಡುಂ ಎಂದು ಮುಳುಗಿತು. ಚಪ್ಪಡಿ ಒಬ್ಬನ ಕೈಗೆ ಅಲುಗಾಡಲಿಲ್ಲ. ಅಷ್ಟರಲ್ಲಿ ಗಾಡಿಯ ಸದ್ದು ಕೇಳಿಸಿತು. ಅವನು ಬೋರ್ಡಿನ ಯೋಚನೆಯನ್ನೂ ಬಿಟ್ಟು ಓಡಿ ಹೋಗಿ ಮತ್ತೆ ಚಪ್ಪಡಿಯ ಮೇಲೆ ಕೂತ.

ಈ ಸಲ ಗಾಡಿಯ ಮುಂದೆ ಬೈಕು ಇರಲಿಲ್ಲ. ತನ್ನ ಕೆಲಸ ಮುಗಿದಿದ್ದ ಪ್ರಸನ್ನ, ನೇರ ಹೋಗಿ ಎಂದು ಕೈ ತೋರಿಸಿ ಮಿಡಿಗೇಶಿಯ ಹೋಟೆಲಿನಲ್ಲಿ ಕಾಫಿಗೆ ಕೂತಿದ್ದ.

ಮೇಡಂ ಇಳಿದು ಬಂದರು. ಚಪ್ಪಡಿಯ ಮೇಲಿದ್ದವನನ್ನು ನೋಡಿ ಹುಬ್ಬೇರಿಸಿದರು. "ಇಲ್ಲೂ ನೀವೇನಾ? ಗಂಗಾಧರಯ್ಯ ಅನ್ನೋರು ಎಲ್ಲಿ?"

"ನಾನೇ ಮೇಡಂ ಗಂಗಾಧರಯ್ಯ. ಈ ಹೊಂಡ ನಂದೇ."

ಇಡೀ ದಿನ ನುಂಗಿಕೊಂಡಿದ್ದ ಮಾತು. ಆಡುವಾಗ ಅವನಿಗೆ ಎಲ್ಲಿಲ್ಲದ ಆನಂದವಾಗಿ, ಏಳಬಾರದೆಂಬುದು ಮರೆತು, ಎದ್ದು ನಿಂತು ಎರಡೂ ಕೈ ಜೋಡಿಸಿದ.

ಮೇಡಂ ಕಲ್ಲನ್ನು ನೋಡಿದರು. ಡ್ರೈವರು ಸುತ್ತಿ ಬಂದು ಗಂಗಾಧರಯ್ಯನ ಹಿಂಭಾಗ ನೋಡಿದ. ಒಗೆದ ಬಿಳಿ ಪಂಚೆಯ ಮೇಲೆ ಕೆಂಚಮ್ಮನ ಹೆಸರು ಕೆಂಪಾಗಿ, ತಿರುಗುಮುರುಗಾಗಿ, ಅಚ್ಚುಕಟ್ಟಾಗಿ ಮೂಡಿತ್ತು.

"ಮೇಡಂ, ನನ್ನ ಅಕ್ಷರ" ಎಂದ ಡ್ರೈವರು. "ಇದು ಆ ಕೆಂಚಮ್ಮನ ಹೊಂಡ. ಆಗ ಕೆರೆ ಕಡೆಯಿಂದ ಬಂದಿದ್ವಿ, ಈಗ ಬೇರೆ ಕಡೆಯಿಂದ ಬಂದ್ವಿ, ಅದಕ್ಕೇ ಗೊತ್ತಾಗಲಿಲ್ಲ."

ಗಾಡಿಯ ಸದ್ದಿಗೆ ಕೆಂಚಮ್ಮ ಏನಾಯಿತೋ ಎಂದು ಓಡಿ ಬಂದಳು. "ಅಮ್ಮ, ಇದು ನಿಮ್ಮ ಹೊಂಡ ತಾನೇ?" ಎಂದು ಮೇಡಂ ಕೇಳಿದರು.

ಕೆಂಚಮ್ಮ ಗಂಗಾಧರಯ್ಯನನ್ನು ನೋಡಿದಳು, ಕಲ್ಲನ್ನು ನೋಡಿದಳು. "ನಂದೇ ಕಣಮ್ಮ" ಎಂದಳು.

"ಕೆಂಚಕ್ಕ..." ಎಂದ ಗಂಗಾಧರಯ್ಯ.

"ಸುಮ್ಕಿರು ಗಂಗಣ್ಣ, ನಾನ್ ಹೇಳ್ತೀನಿ" ಎಂದು ಅವಳು ಅವನ ಪಕ್ಕ ಬಂದು, ದನಿ ತಗ್ಗಿಸಿ, "ಈಗ ಬಾಯ್ ಬುಟ್ರೆ ನಾಕು ಜನಾನೂ ತುಮಕೂರಿಗೆ ಅಲೀಬೇಕಾಯ್ತದೆ. ಮೊದ್ಲು ಸಿಗಾಕ್ಕಣಾನು ನೀನೇ, ಹೊಂಡ ಕೊಟ್ಟೋನು" ಎಂದಳು. ಆಮೇಲೆ ಮೇಡಂ ಕಡೆ ತಿರುಗಿ, "ಬಡವ ಕಣಮ್ಮ. ಆಸೆ ಬಿದ್ದವ್ನೆ. ಏನೂ ಮಾಡಬ್ಯಾಡಿ" ಎಂದು ಕೈ ಮುಗಿದಳು.

ಗಂಗಾಧರಯ್ಯ ತಲೆ ತಗ್ಗಿಸಿದ. ಯಾಕೆ ತಗ್ಗಿಸಿದನೋ ಅವನಿಗೆ ಗೊತ್ತಿಲ್ಲ. ಸ್ವಂತ ಹೊಂಡ ಕದ್ದು ಸಿಕ್ಕಿಬಿದ್ದ ಕಳ್ಳನ ಸಂಕಟ ಹೇಗಿರುತ್ತದೆಂದು ಅನುಭವಿಸಿದವರು ಕಡಿಮೆ.

ಭುವನಾ ಮೇಡಂ ಬೈದಿದ್ದರೆ ಅವನ ಗತಿ ನೆಟ್ಟಗಾಗುತ್ತಿತ್ತೇನೋ. ಅವರು ಬೈಯಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು.

"ನಿಮ್ಮ ಮೇಲೆ ನಾನೇನೂ ಬರೆಯಲ್ಲ ಯಜಮಾನ್ರೇ. ಊರವರ ಹೊಂಡಗಳಿಗೆಲ್ಲ ದುಡಿದವರು ನೀವು, ನಿಮಗೇ ಒಂದು ಹೊಂಡವಿಲ್ಲ. ಅದಕ್ಕೆ ತಾನೇ ಇವರದನ್ನು ತೋರಿಸಬೇಕಾಗಿ ಬಂದಿದ್ದು? ಇವತ್ತೇ ನಿಮಗೆ ಹೊಂಡ ತೋಡಿಸಿಕೊಡ್ತೀನಿ. ನಮ್ಮ ಇಲಾಖೆ ಕೆಲಸದ ಜೆಸಿಬಿ ಕೆರೆ ಹತ್ತಿರವೇ ಇದೆ, ಬರುವಾಗ ನೋಡಿದೆ. ಹಾಳೆಯೂ ಗಾಡಿಯಲ್ಲೇ ಇದೆ."

"ಹೊಂಡ ಬ್ಯಾಡಿ ಮೇಡಂ" ಎಂದ ಗಂಗಾಧರಯ್ಯ. "ಹಾಳೆ ಒಂದು..."

"ಹೊಂಡ ಇಲ್ಲದೆ ಹಾಳೆ ಹಾಸೋದು ಎಲ್ಲಿಗೆ?" ಎಂದು ಮೇಡಂ ನಕ್ಕರು.

ಜೆಸಿಬಿ ಬಂತು. ಓಡಿಸುತ್ತಿದ್ದವನು ಪಾವಗಡದ ಕಡೆಯವನು. "ಎಕ್ಕಡ ಮೇಡಂ, ಇಲ್ಲೇನಾ?" ಎಂದು ಕೈ ಚಾಚಿ ಕೇಳಿದ. ಮೇಡಂ ಏರಿ ಹತ್ತಿ ಆಚೆ ನೋಡಿದರು. ಕನಕಾಂಬರದ ಗಿಡಗಳ ನಡುವೆ 'ಕೃಷಿ ಹೊಂಡ, ಫಲಾನುಭವಿ ಗಂಗಾಧರಯ್ಯ' ಎಂಬ ಬೋರ್ಡು ಮಲಗಿತ್ತು.

"ಅಯ್ಯೋ, ಜಾಗ ಗುರುತು ಮಾಡಿ ಬೋರ್ಡು ಕೂಡ ತಂದಿಟ್ಟಿದ್ದೀರಿ" ಎಂದರು ಮೇಡಂ.

"ಅಲ್ಲಿ ಬ್ಯಾಡಿ ಮೇಡಂ, ದಮ್ಮಯ್ಯ. ಅದು ನಮ್ಮನೇಳ ಹೂವು."

"ಹೂವು ಮತ್ತೆ ಬೆಳೆಯಬಹುದು ಯಜಮಾನ್ರೇ, ನೀರಿದ್ದರೆ ಏನು ಬೇಕಾದರೂ ಬೆಳೆಯಬಹುದು. ಸರಿ, ಅಲ್ಲಿ ಬೇಡ ಅಂದರೆ ನಿಮ್ಮದು ಅಂತ ಬೇರೆ ಜಾಗ ಇದೆಯಾ?"

ಗಂಗಾಧರಯ್ಯ ಸುತ್ತ ನೋಡಿದ. ಅವನಪ್ಪ ನೆಟ್ಟ ಹುಣಸೆಮರ, ಅವನೇ ಬಿತ್ತಿದ ರಾಗಿ ಹೊಲ, ಅವನೇ ಕಟ್ಟಿದ ಬದು. ಬೆಳಿಗ್ಗೆಯಿಂದ ಅವೆಲ್ಲವನ್ನೂ ಒಂದೊಂದಾಗಿ ಪರ್ವತಯ್ಯನಿಗೆ, ಕೆಂಚಮ್ಮನಿಗೆ, ಪ್ರಸನ್ನನಿಗೆ ಕೊಟ್ಟಾಗಿತ್ತು. ಕೆಂಚಮ್ಮ, ಮೇಡಂ ಬೆನ್ನ ಹಿಂದೆ ನಿಂತು, ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು.

ಐವತ್ತು ದಾಟಿದ ಮನುಷ್ಯ, ಹುಟ್ಟಿದಾಗಿನಿಂದ ಯಾರಿಗೂ ಹೇಳದ ಮಾತನ್ನು ಅವತ್ತು ಮೊದಲ ಸಲ ಹೇಳಿದ.

"ಇಲ್ಲ" ಎಂದ.

ಜೆಸಿಬಿಯ ಕೈ ಕನಕಾಂಬರದ ಮೇಲೆ ಇಳಿಯುವಾಗ ಅವನು ಗೌರಿಯ ಕುತ್ತಿಗೆ ಹಿಡಿದುಕೊಂಡು ಆ ಕಡೆ ಮುಖ ಮಾಡಿ ನಿಂತ. ನಾಳೆಗೆ ಬಿಡಿಸಲೆಂದು ಲಕ್ಷ್ಮೀದೇವಿ ಉಳಿಸಿದ್ದ ಮೊಗ್ಗುಗಳೂ ಮಣ್ಣಿನ ಜೊತೆ ಹೋದವು. ಅವನಿಗೆ ಅಳು ಬಂತು. ಮೇಡಂ ಅದನ್ನು ಆನಂದಬಾಷ್ಪವೆಂದು ತಿಳಿದು ಬೆನ್ನು ತಟ್ಟಿದರು. ಹೊತ್ತು ಇಳಿಯುವುದರೊಳಗೆ ಇಲಾಖೆಯ ಅಳತೆಗೆ ಒಂದಿಂಚೂ ತಪ್ಪದ ಹೊಂಡ ಸಿದ್ಧವಾಯಿತು. ಕರಿ ಹಾಳೆ ಅದರ ತಳದಲ್ಲಿ ಮಿರಮಿರ ಹೊಳೆಯಿತು. ಇನ್ನು ಮುಂದೆ ಅಲ್ಲಿ ಬಿದ್ದ ಒಂದು ತೊಟ್ಟು ನೀರೂ ಸೋರುವಂತಿರಲಿಲ್ಲ.

ಲಕ್ಷ್ಮೀದೇವಿ ಸಂಜೆಯ ಬಸ್ಸಿಗೆ ಬಂದಳು. ಬುಟ್ಟಿ ಪೂರ್ತಿ ಖಾಲಿಯಾಗಿತ್ತು, ಕೈಯಲ್ಲಿ ಗಂಡನಿಗೆಂದು ತಂದ ಖಾರಾಬೂಂದಿಯ ಪೊಟ್ಟಣವಿತ್ತು.

"ಹಾಳೆ ಬಂತಾ?"

"ಬಂತು."

"ನೀರ್ ನಿಲ್ತದಾ ಇನ್ಮ್ಯಾಕೆ?"

"ನಿಲ್ತದೆ."

"ಯಾರಿಗೂ ಏನೂ ಕೊಡ್ಲಿಲ್ಲ ತಾನೆ?"

ಗಂಗಾಧರಯ್ಯ ಅವಳ ಕೈಯಿಂದ ಪೊಟ್ಟಣ ಇಸಿದುಕೊಂಡ. ಅವಳು ಬುಟ್ಟಿ ಇಳಿಸಿ ಏರಿ ಹತ್ತಿದಳು. ಈ ಕಡೆಗೊಂದು ಹೊಂಡ, ಆ ಕಡೆಗೊಂದು ಹೊಂಡ, ನಡುವೆ ಅವಳು. ಬೈದಾಳೆಂದು ಅವನು ಕಾದ. ಅವಳು ಕೆಳಗೆ ಇಳಿದು ಬಂದು ಹಿತ್ತಲಿಗೆ ಹೋಗಿ, ಮತ್ತೆ ಹೊರಗೆ ಬಂದಳು.

"ನನ್ ಒಗೆಯೋ ಕಲ್ಲೆಲ್ಲಿ?" ಎಂದು ಕೇಳಿದಳು.

ಅವನು ಹಳೆಯ ಹೊಂಡದ ಕಡೆ ಕೈ ತೋರಿಸಲು ತಿರುಗಿದ. ತಿರುಗಿದಾಗ ಅವಳಿಗೆ ಪಂಚೆಯ ಹಿಂಭಾಗ ಕಂಡಿತು. ಅವಳು ಅಕ್ಷರಗಳನ್ನು ತಲೆ ಓರೆ ಮಾಡಿ ಓದಿಕೊಂಡು ಜಗುಲಿಯ ಮೇಲೆ ಕೂತುಬಿಟ್ಟಳು.

ಆಗ ಪ್ರಸನ್ನ ಕುಮಾರನ ಬೈಕು ಅಂಗಳಕ್ಕೆ ಬಂದು ನಿಂತಿತು. ಸುದ್ದಿ ಅವನಿಗೆ ಮಿಡಿಗೇಶಿಯಲ್ಲೇ ಮುಟ್ಟಿತ್ತು.

"ಗಂಗಣ್ಣ, ಎಂಥಾ ಅದೃಷ್ಟ ಕಣಣ್ಣ ನಿಂದು, ಹಾಳೆ ಹಾಕಿರೋ ಹೊಂಡಾನೇ ಬಂದ್ಬುಡ್ತಲ್ಲ" ಎಂದ. "ನೋಡು, ಪುರವರದಾಗೆ ನನ್ ಭಾವಮೈದ ಅವ್ನೆ. ಅವನ್ಗೆ ಹಾಳೆ ಹಾಕಿರೋ ಹೊಂಡದ ಮುಂದೆ ನಿಂತಿರೋ ಫೋಟೋ ಬೇಕಂತೆ. ಒಂದೇ ಫೋಟೋ."

ಲಕ್ಷ್ಮೀದೇವಿ ಗಂಡನ ಮುಖ ನೋಡಿದಳು. ಗಂಗಾಧರಯ್ಯನೂ ಅವಳನ್ನು ನೋಡಿದ. ಮಧ್ಯಾಹ್ನ ಒಂದು ಸಲ ಬಂದಿದ್ದ ಮಾತು ಈಗಲೂ ಬಂದೀತು ಎಂದು ಅವನು ಗಂಟಲು ಸರಿಮಾಡಿಕೊಂಡು, ಬಾಯಿ ತೆರೆದು, ಸ್ವಲ್ಪ ಹೊತ್ತು ಹಾಗೇ ತೆರೆದುಕೊಂಡಿದ್ದ.

"ಬೋರ್ಡು ಅವ್ನೇ ತತ್ತಾನಾ," ಎಂದು ಕೇಳಿದ, "ಇಲ್ಲಾ ನಂದನ್ನೇ ಒರೆಸಿ ಕೊಡ್ಲಾ?"